ಹಿಮ್ಮಡಕ್ಕೊಂದು ಧಾಬಳಿ

೭ ಅಕ್ಟೋಬರ್, ಸೋಮವಾರ. ಇಂಡಿ

ಇವತ್ತು ಒಬ್ಬ ನಿರಪರಾಧಿಗೆ ಬಾಯಿಗೆ ಬಂದಂತೆ ಬೈದೆ.

ಸಿಂದಗಿ ಬಸ್ಸು ಹತ್ತುತ್ತಿದ್ದೆ. ಎಡಗಾಲು ಮೆಟ್ಟಿಲ ಮೇಲಿತ್ತು, ಬಲಗಾಲು ಇನ್ನೂ ನೆಲದ ಮೇಲೆ. ಹಿಂದಿನಿಂದ ಯಾರೋ ಬಲಗಾಲ ಹಿಮ್ಮಡಕ್ಕೆ ಜೋರಾಗಿ ಒದ್ದರು. ಒಣ ಕಟ್ಟಿಗೆ ಮುರಿದಂಥ ಸಪ್ಪಳವೂ ಆಯಿತು. ತಿರುಗಿ ನೋಡಿದರೆ ನಿಂಬೆಹಣ್ಣಿನ ಚೀಲ ತಲೆಯ ಮೇಲೆ ಹೊತ್ತ ಗಡ್ಡದ ಮನುಷ್ಯ.

"ಏನ್ರೀ, ಕಣ್ಣು ಕಾಣಸೂದಿಲ್ಲೇನು? ವಯಸ್ಸಾದವರಿಗೆ ಒದೀತೀರಿ?" ಎಂದೆ.

"ಸಾಹೇಬ್ರ, ನನ್ನ ಎರಡೂ ಕಾಲು ನೆಲದ ಮ್ಯಾಗ ಅದಾವ್ರಿ. ನಿಮ್ಮ ಕಾಲ ನೋಡ್ಕೋರಿ ಮೊದಲ."

ನೋಡಿಕೊಳ್ಳಲು ಹೋಗಿ ಕುಸಿದುಬಿದ್ದೆ. ಚೀಲ ಇಳಿಸಿ ನನ್ನನ್ನು ಎತ್ತಿದವನು ಅವನೇ. ಹೆಸರು ಗೈಬುಸಾಬ. ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದ. ಆಸ್ಪತ್ರೆಯ ಬಾಗಿಲವರೆಗೂ ಒದ್ದದ್ದು ಅವನೇ ಎಂಬ ಗುಮಾನಿ ನನಗೆ ಹೋಗಿರಲಿಲ್ಲ. ಅಲ್ಲಿಯ ಡಾಕ್ಟರು ಕಾಲು ಹಿಂಡಿ ನೋಡಿ ಹೇಳಿದ್ದು: ಹಿಮ್ಮಡದಿಂದ ಮೀನಖಂಡಕ್ಕೆ ಹೋಗುವ ಹಗ್ಗದಂಥ ನರ ಪೂರ್ತಿ ಹರಿದಿದೆ. ಇಂಗ್ಲಿಷಿನಲ್ಲಿ ಟೆಂಡನ್. ಇದು ಹರಿದಾಗ ಎಲ್ಲರಿಗೂ ಹಿಂದಿನವರು ಒದ್ದಂತೆಯೇ ಅನಿಸುತ್ತದಂತೆ.

ಗೈಬುಸಾಬನಿಗೆ ತಪ್ಪಾಯಿತು ಎಂದು ಒಂದು ಮಾತು ಅನ್ನಬೇಕಿತ್ತು. ಅನ್ನುವುದರೊಳಗೆ ಅವನ ಬಸ್ಸಿಗೆ ಹೊತ್ತಾಗಿತ್ತು, ಹೋದ.

ಮೂವತ್ತೊಂದು ವರ್ಷ ಮೋಜಣಿ ಇಲಾಖೆಯಲ್ಲಿದ್ದೆ. ಸರಪಳಿ ಹಿಡಿದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳ ಹೊಲ ಅಳೆದೆ. ಕೊಲ್ಹಾರ ಮುಳುಗಡೆಯಾದಾಗ ಹೊಸ ಊರಿನ ಪ್ಲಾಟು ಅಳೆದೆ. ಒಂದು ದಿನವೂ ಕಾಲು ನೋಯಲಿಲ್ಲ. ಈಗ ಒಂದು ಬಸ್ಸಿನ ಮೆಟ್ಟಿಲಿಗೆ ಹರಿಯಿತಂತೆ. ವಾಟ್ ಎ ಫಾಲ್, ಎನ್ನುತ್ತಿದ್ದರು ನಮ್ಮ ಕಾಲೇಜಿನ ಇಂಗ್ಲಿಷ್ ಮಾಸ್ತರರು. ಯಾತಕ್ಕೆ ಎನ್ನುತ್ತಿದ್ದರೋ ಮರೆತಿದೆ.

ದಿನಾ ನೋವು ಎಷ್ಟಿತ್ತು ಬರೆದಿಡಿ ಎಂದಿದ್ದಾರೆ. ಹೊಲದ ಅಳತೆ ಬರೆಯುವ ಹಳೆಯ ಫೀಲ್ಡ್ ಬುಕ್ಕೊಂದು ಮನೆಯಲ್ಲಿ ಉಳಿದಿತ್ತು, ಅದರಲ್ಲಿ ಬರೆಯುತ್ತಿದ್ದೇನೆ.

೧೧ ಅಕ್ಟೋಬರ್, ಶುಕ್ರವಾರ

ನಿನ್ನೆ ಆಪರೇಶನ್ ಆಯಿತು. ಮಾಡಿದವನ ಹೆಸರು ಸುಶ್ರುತ, ಮೂವತ್ತೈದೂ ಆಗಿರಲಿಕ್ಕಿಲ್ಲ. ತಂದೆತಾಯಿ ತೊಟ್ಟಿಲಲ್ಲೇ ಕತ್ತರಿ ಕೊಟ್ಟು ಹೆಸರಿಟ್ಟಂತಿದೆ.

"ಉದ್ದಕ ಕೊಯ್ಯೋದಿಲ್ಲ ಕಾಕಾ. ಆಜೂಬಾಜೂ ಸಣ್ಣ ಸಣ್ಣ ತೂತು. ಅದರಾಗಿಂದ ಸೂಜಿ ಹಾಯಿಸಿ ಹರಿದ ಎರಡೂ ತುದಿ ಜಗ್ಗಿ ಕಟ್ಟತೇವಿ. ಗಾಯ ಲಗೂ ಮಾಯ್ತದ. ಮಿನಿಮಲಿ ಇನ್ವೇಸಿವ್ ಅಂತಾರ," ಎಂದ.

ಇನ್ವೇಜನ್ ಎಂದರೆ ದಂಡಯಾತ್ರೆ. ಇತಿಹಾಸದ ಪೇಪರಿನಲ್ಲಿ ಬರೆದ ನೆನಪಿದೆ. ಅಂದರೆ ಸಣ್ಣದೊಂದು ದಂಡಯಾತ್ರೆ. ಸೊಂಟದ ಕೆಳಗೆ ಜೀವವಿರಲಿಲ್ಲ, ಕಿವಿ ಮಾತ್ರ ನೆಟ್ಟಗಿತ್ತು. ನನ್ನ ಕಾಲಿಗೆ ದಾರ ಪೋಣಿಸುತ್ತ ದಸರೆಗೆ ಯಾರ ಮನೆಯಲ್ಲಿ ಹೋಳಿಗೆ ಎಂದು ಮಾತಾಡುತ್ತಿದ್ದರು. ಬೋರಲು ಮಲಗಿಸಿದ್ದರಿಂದ ಯಾರ ಮುಖವನ್ನೂ ನೋಡಿ ಸಿಟ್ಟು ಮಾಡಲಾಗಲಿಲ್ಲ.

ನೋವು ಹತ್ತಕ್ಕೆ ಏಳು.

೧೫ ಅಕ್ಟೋಬರ್. ಮುದ್ದೇಬಿಹಾಳ

ಮಗಳು ವಸುಧಾ ತನ್ನ ಮನೆಗೆ ಕರೆತಂದಿದ್ದಾಳೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ನನ್ನನ್ನೂ ಒಂಬತ್ತನೇ ಇಯತ್ತೆಯಲ್ಲಿ ಕೂರಿಸಿದ್ದಾಳೆ. ಕಾಲು ಕೆಳಗಿಡಬಾರದು, ತಾನೇ ಎದ್ದು ಬಚ್ಚಲಿಗೆ ಹೋಗಬಾರದು, ಉಪ್ಪಿನಕಾಯಿ ಎರಡನೇ ಸಲ ಕೇಳಬಾರದು. ಅಳಿಯ ಬ್ಯಾಂಕಿನವನು, ನನ್ನನ್ನು ಕಂಡರೆ ನಕ್ಕು ಪೇಪರು ಕೊಟ್ಟು ಹೋಗುತ್ತಾನೆ.

"ನಿಮ್ಮಾಯಿ ಇದ್ದಿದ್ರ ನಾ ಹಿಂಗ ಮಂದಿ ಮನ್ಯಾಗ ಬಿದ್ದಿರ್ತಿದ್ದಿಲ್ಲ," ಎಂದೆ.

"ಹೌದು ಅಪ್ಪಾ. ಆಕಿ ಇದ್ದಿದ್ರ ನಿಮ್ಮನ್ನ ಎತ್ತಿ ಎತ್ತಿ ಆಕೀನೂ ಬೀಳತಿದ್ಲು," ಎಂದಳು. ಇದು ಮಗಳು ಆಡುವ ಮಾತೇ?

ಹೆಂಡತಿ ವೃಂದಾ ಹೋಗಿ ವರ್ಷವಾಗುತ್ತ ಬಂತು. ಎದೆ ಹಿಡಿದುಕೊಂಡಿತು ಎಂದಳು, ಕುಳಿತಳು, ಮುಗಿಯಿತು. ಯಾವುದಕ್ಕೂ ಹೆಚ್ಚು ವೇಳೆ ತೆಗೆದುಕೊಳ್ಳುವವಳಲ್ಲ. ಕಾರ್ತಿಕ ಬಹುಳ ಪಂಚಮಿಗೆ ವರ್ಷದ ಶ್ರಾದ್ಧ. ನಮಗೆ ಗಂಡುಮಕ್ಕಳಿಲ್ಲ, ಮಾಡಬೇಕಾದವನು ನಾನೇ. ಈ ಕಾಲಿನಿಂದ ಹೇಗೆ ಕೂರಲಿ?

೨೪ ಅಕ್ಟೋಬರ್, ಗುರುವಾರ

ಹೊಲಿಗೆ ಬಿಚ್ಚಿದರು. ಡಾಕ್ಟರ ಎದುರಿಗೇ ಅಳತೆಪಟ್ಟಿ ಹಿಡಿದು ಅಳೆದೆ. ಆರು ತೂತು, ಒಂದೊಂದೂ ನಾಲ್ಕು ಮಿಲಿಮೀಟರ್. ನಡುವೆ ಒಂದು ಅಡ್ಡ ಗೆರೆ, ಎರಡೂವರೆ ಸೆಂಟಿಮೀಟರ್. ಇಷ್ಟಕ್ಕೆ ನಾನು ಎರಡು ವಾರ ಮಲಗಿದ್ದೆ ಎಂದರೆ ಯಾರು ನಂಬಬೇಕು?

ಯಾರೂ ನಂಬಲಿಲ್ಲ. ಬಾಗೇವಾಡಿಯಿಂದ ರಂಗೂ ಅಕ್ಕ ನೋಡಲು ಬಂದಿದ್ದಳು. ನನಗಿಂತ ಎಂಟು ವರ್ಷ ದೊಡ್ಡವಳು. ಕನ್ನಡಕ ಏರಿಸಿ, ಬಗ್ಗಿ, ನನ್ನ ಹಿಮ್ಮಡ ನೋಡಿದಳು.

"ಎಲ್ಲಿ ಕೊಯ್ದಾರೋ ಪಂಢರಿ? ಸೊಳ್ಳಿ ಕಡದಂಗ ಅದ."

"ಒಳಗ ಕಟ್ಯಾರ ಅಕ್ಕಾ. ಇದು ಹೊಸಾ ಪದ್ಧತಿ."

"ಹೌದೌದು. ಆ ಕಾಲಕ್ಕ ನಮ್ಮ ಮಾವನೋರ ಹೊಟ್ಟಿ ಕೊಯ್ದಾಗ ನೋಡಬೇಕಿತ್ತು. ಚೀಲದ ಬಾಯಿ ಹೊಲದಂಗ ಹೊಲದಿದ್ರು. ಮಂದಿ ನೋಡಿ ಅಳತಿದ್ರು."

ನನ್ನನ್ನು ನೋಡಿ ಯಾರೂ ಅಳಲಿಲ್ಲ. ಈಗ ಮೊಳಕಾಲವರೆಗೂ ಬರುವ ಕಪ್ಪು ಬೂಟು ಹಾಕಿದ್ದಾರೆ. ಒಳಗೆ ಹಿಮ್ಮಡದ ಕೆಳಗೆ ಮೂರು ಬೆಣೆ. ವಾರ ವಾರ ಒಂದೊಂದು ತೆಗೆಯಬೇಕು. ಎಂಟು ವಾರ ಮುಗಿಯುವವರೆಗೆ ಬೂಟಿಲ್ಲದೆ ಒಂದು ಹೆಜ್ಜೆಯೂ ಇಡುವಂತಿಲ್ಲ. ಇಟ್ಟರೆ ಮತ್ತೆ ಹರಿದೀತು, ಆಗ ದೊಡ್ಡದಾಗಿಯೇ ಕೊಯ್ಯಬೇಕು ಎಂದು ಸುಶ್ರುತ ಹೇಳಿದ. ಶ್ರಾದ್ಧ ಬರುವುದು ಆರನೇ ವಾರಕ್ಕೆ. ಬೂಟು ಹಾಕಿಕೊಂಡು ಮಡಿಯಲ್ಲಿ ಕೂರುವುದುಂಟೇ? ಇಂಪಾಸಿಬಲ್.

೨೬ ಅಕ್ಟೋಬರ್

ಕಾಲಿಗೆ ವ್ಯಾಯಾಮ ಮಾಡಿಸಲು ಮೆಹನಾಜ ಎಂಬ ಹುಡುಗಿ ಮನೆಗೆ ಬರುತ್ತಾಳೆ. ಇದನ್ನೇ ಕಲಿತು ಬಂದಿದ್ದಾಳೆ. ಬಾಯಿ ಬಹಳ ಜೋರು.

"ಅಜ್ಜಾರ, ಬೆರಳ ಅಲ್ಲಾಡಸ್ರಿ. ಹುಬ್ಬ ಅಲ್ಲ, ಬೆರಳ."

ಮನೆಯಲ್ಲಿ ಬೇರೆ ಯಾರಿಗಾದರೂ ಹಿಮ್ಮಡದ ತ್ರಾಸ ಇತ್ತೇ ಎಂದು ಕೇಳಿದಳು. ಇಲ್ಲವೆಂದೆ. ಹೆಂಡತಿಗಿತ್ತು, ಆದರೆ ಅದು ಹೆಂಗಸರ ಕಾಲುನೋವು, ಲೆಕ್ಕಕ್ಕಿಲ್ಲ. ಬೆಳಿಗ್ಗೆ ಎದ್ದಾಗ ಹತ್ತು ಹೆಜ್ಜೆ ಗೋಡೆ ಹಿಡಿದು ನಡೆಯುತ್ತಿದ್ದಳು. ಅಡುಗೆಮನೆಯ ಕಲ್ಲು ತಣ್ಣಗಿರುತ್ತದೆ, ಮಡಿಯಲ್ಲಿದ್ದಾಗ ಕಾಲಿಗೆ ಮೆತ್ತಗಿನದು ಏನಾದರೂ ಹಾಕಿಕೊಳ್ಳಬಹುದೇ ಎಂದು ಒಮ್ಮೆ ಕೇಳಿದ್ದಳು. ಶ್ರೀವಲ್ಲಭಾಚಾರ್ಯರನ್ನು ಕೇಳಿದ್ದೆ. ನಮ್ಮ ಮನೆಯ ಪೂಜೆ, ಶ್ರಾದ್ಧ ಎಲ್ಲ ಅವರದೇ. ಆಗುವುದಿಲ್ಲ ಎಂದರು. ಆಯಿತು. ನಿಯಮ ಎಂದರೆ ನಿಯಮ.

ನೋವು ನಾಲ್ಕು.

೧ ನವೆಂಬರ್

ಸೂತಕದ ವರ್ಷ, ದೀಪಾವಳಿ ಇಲ್ಲ. ಓಣಿಯ ತುಂಬ ಪಟಾಕಿ. ಬೂಟಿನಲ್ಲಿ ಕಾಲು ಬೆವರಿ ನಾರುತ್ತಿದೆ. ಬರೆಯುವಂಥದ್ದು ಏನೂ ಇಲ್ಲ.

೭ ನವೆಂಬರ್, ಗುರುವಾರ

ಸುಶ್ರುತ ತಿಂಗಳಿಗೆ ಎರಡು ಗುರುವಾರ ಮುದ್ದೇಬಿಹಾಳಕ್ಕೇ ಬಂದು ನೋಡುತ್ತಾನೆ. ಇವತ್ತು ಕಾಲು ಹಿಂಡಿ, ಕೂಡಿದೆ ಎಂದ. ಎರಡನೆಯ ಬೆಣೆ ತೆಗೆದ.

"ಹರಿಯೂಕಿಂತ ಮೊದಲ ನೋವು ಇತ್ತೇನು ಕಾಕಾ? ಮುಂಜಾನೆ ಎದ್ದಕೂಡ್ಲೆ ಹೆಜ್ಜಿ ಇಡೂದು ತ್ರಾಸ, ಆಮೇಲೆ ನಡದಂಗ ನಡದಂಗ ಹಗುರ, ಹೊತ್ತು ಮುಳಗೂತನ ನಿಂತ್ರ ಮತ್ತ ನೋವು?"

"ಹೌದು. ಹಿಮ್ಮಡದ ಮ್ಯಾಲೆ ಬಟಾಣಿಯಷ್ಟು ಗಂಟು. ಮುಟ್ಟಿದ್ರ ಬಿಸಿ. ಛಳಿಗಾಲದಾಗ ಜಾಸ್ತಿ," ಎಂದೆ. ನಾಲಿಗೆಗೆ ತಾನಾಗಿಯೇ ಬಂತು.

ಅವನು ನನ್ನ ಎರಡೂ ಹಿಮ್ಮಡ ತಡವಿ ನೋಡಿದ. "ಗಂಟು ಇಲ್ಲಲ್ಲ?"

"ನನಗಲ್ಲ. ನಮ್ಮ ಮನಿಯವರಿಗಿತ್ತು."

"ಓಹೋ. ಅದು ಬ್ಯಾರೆ. ಟೆಂಡನ್ ಸವದಿರತದ. ಅದಕ್ಕ ಮೊದಲ ಮೆತ್ತಂದು ಮೆಟ್ಟಬೇಕು, ವ್ಯಾಯಾಮ ಮಾಡಬೇಕು. ಭಾಳ ಮಂದಿಗೆ ಅಷ್ಟಕ್ಕ ಕಮ್ಮಿ ಆಗ್ತದ. ಆಗಲಿಲ್ಲಂದ್ರ ಹಿಂಗಽ ಸಣ್ಣ ತೂತಿನ್ಯಾಗಿಂದ ಸ್ವಚ್ಛ ಮಾಡಿ ಸಂಜಿಗೆ ಮನಿಗೆ ಕಳಸ್ತೇವಿ. ಅವರಿಗೆ ಎಷ್ಟು ದಿನ ಇತ್ತು?"

"ಹನ್ನೊಂದು ವರ್ಷ."

ಕಂಪ್ಯೂಟರಿನಿಂದ ಮುಖ ಎತ್ತಿ ನೋಡಿದ. "ಹನ್ನೊಂದು ವರ್ಷ ಯಾಕ ತಡಕೊಂಡ್ರು?"

ನನಗೆ ಅವನ ಪ್ರಶ್ನೆ ಉದ್ಧಟತನದ್ದು ಅನಿಸಿತು. ಡಾಕ್ಟರು ರೋಗಿಯ ಕಾಲು ನೋಡಬೇಕು, ಸಂಸಾರ ನೋಡಬಾರದು. ಹೊರಗೆ ಬಂದ ಮೇಲೆ ವಸುಧಾ ಬಗ್ಗಿ ನನ್ನ ಬೂಟಿನ ಪಟ್ಟಿ ಬಿಗಿದಳು.

೮ ನವೆಂಬರ್

ನಾಲ್ಕು ತಾಲೂಕು ನಡೆದವನಿಗಿಲ್ಲದ ನೋವು ನಾಲ್ಕು ಗೋಡೆಯೊಳಗೆ ಅಡ್ಡಾಡುವವಳಿಗೆ ಎಲ್ಲಿಂದ ಬಂತು? ಹೀಗೆ ಅಂದಿದ್ದೆ ಅವಳಿಗೆ. ನಕ್ಕಿದ್ದಳು ಎಂದು ನೆನಪು. ನಕ್ಕಿರಬೇಕು.

೧೧ ನವೆಂಬರ್

ಆಚಾರ್ಯರಿಗೆ ಫೋನು ಮಾಡಿದೆ. ಎಂಬತ್ತಾದರೂ ಗಂಟಲು ಗಂಟೆಯ ಹಾಗಿದೆ. ಹೀಗೆ ಹೀಗೆ ಬೂಟು, ತೆಗೆಯುವಂತಿಲ್ಲ, ಶ್ರಾದ್ಧಕ್ಕೆ ಬೇರೆಯವರನ್ನು ಕೂರಿಸಬೇಕೇನೋ ಎಂದೆ.

"ಚರ್ಮದ್ದೇನು?"

"ಅಲ್ರಿ. ಪ್ಲಾಸ್ಟಿಕ್, ಸ್ಪಂಜು."

"ಮತ್ತ್ಯಾಕ ಅಳತೀಯೋ? ಮ್ಯಾಲೆ ಒಂದು ಧಾಬಳಿ ಸುತ್ತಿಬಿಡು. ಉಣ್ಣೀಗೆ ಮೈಲಿಗಿ ಎಲ್ಲಿದು? ಮಣಿ ಮ್ಯಾಲೆ ಕೂಡ್ಲಿಕ್ಕಾಗದಿದ್ರ ಕುರ್ಚಿ ಮ್ಯಾಲೆ ಕೂಡು. ಬ್ಯಾನಿ ಬಂದವರಿಗೆ ಎಲ್ಲಾ ಸಡಿಲ ಅದ. ನಮ್ಮ ತಾಯಿ ಕಡೀ ಹತ್ತು ವರ್ಷ ಧಾಬಳಿ ತುಂಡಿನ್ಯಾಗ ಹೊಲದ ಮೆಟ್ಟು ಹಾಕ್ಕೊಂಡಽ ಮಡಿ ಅಡಗಿ ಮಾಡಿದ್ಲು. ಆಕಿಗೆ ಹಿಮ್ಮಡ ನೋವು. ನಾನಽ ಹೊಲದು ಕೊಟ್ಟಿದ್ದೆ."

ಆಯಿತ್ರಿ ಎಂದೆ. ಫೋನಿಟ್ಟೆ. ಮಡಿಗೆ ಉಡುವ ಒಂದು ಹಳೆಯ ಕರಿ ಧಾಬಳಿ ನಮ್ಮ ಮನೆಯ ಗೂಟಕ್ಕೆ ನಲವತ್ತು ವರ್ಷದಿಂದ ನೇತಾಡುತ್ತಿದೆ.

ಶ್ರಾದ್ಧಕ್ಕೆ ಆಚಾರ್ಯರೇ ಬರುತ್ತಾರೆ ಎಂದು ವಸುಧಾಗೆ ಹೇಳಿದಾಗ ಅವಳ ಮುಖ ಕೆಟ್ಟಿತು.

"ಬ್ಯಾರೆಯವರು ಸಿಗೂದಿಲ್ಲೇನು?"

"ಅವರೇನ್ ಮಾಡ್ಯಾರ ನಿನಗ?"

"ನನಗಲ್ಲ, ಆಯಿಗೆ. ಕಾಲಿಗೆ ಹಾಕ್ಕೊಳ್ಳಿಕ್ಕೆ ಕೇಳಿದಾಗ ಆಗೂದಿಲ್ಲ ಅಂದ್ರು. ಅವತ್ತಿಂದ ನಾ ಅವರಿಗೆ ನಮಸ್ಕಾರ ಮಾಡಿಲ್ಲ. ನೀವು ಲಕ್ಷ ಕೊಟ್ಟಿಲ್ಲ."

ಹೌದು, ಲಕ್ಷ ಕೊಟ್ಟಿರಲಿಲ್ಲ. ಹನ್ನೊಂದು ವರ್ಷ ಒಬ್ಬ ಮುದುಕರ ಮೇಲೆ ಸಿಟ್ಟು ಹಿಡಿದು ಕೂತಿದ್ದಾಳೆ.

೧೩ ನವೆಂಬರ್

ಫೀಲ್ಡ್ ಬುಕ್ಕಿನಲ್ಲಿ ರಬ್ಬರು ಹಚ್ಚುವಂತಿಲ್ಲ. ಅಂಕಿ ತಪ್ಪಿದರೆ ಅದರ ಮೇಲೆ ಒಂದೇ ಗೆರೆ ಎಳೆಯಬೇಕು, ತಪ್ಪು ಅಂಕಿ ಓದಲು ಬರುವಂತಿರಬೇಕು, ಪಕ್ಕಕ್ಕೆ ಸರಿ ಅಂಕಿ ಬರೆದು ಸಹಿ ಮಾಡಬೇಕು.

ಅಕ್ಟೋಬರ್ ೨೬ರ ಪುಟದಲ್ಲಿ 'ಶ್ರೀವಲ್ಲಭಾಚಾರ್ಯರನ್ನು ಕೇಳಿದ್ದೆ' ಎಂಬುದರ ಮೇಲೆ ಗೆರೆ ಎಳೆದಿದ್ದೇನೆ. ಸರಿಯಾದದ್ದು: ಕೇಳಿರಲಿಲ್ಲ.

ಕೇಳಲೆಂದೇ ಹೋಗಿದ್ದೆ. ಆಚಾರ್ಯರು ಕಟ್ಟೆಯ ಮೇಲೆ ಕುಳಿತಿದ್ದರು, ಜೊತೆಗೆ ನಾಲ್ಕು ಜನ. ಅಷ್ಟು ಜನರ ಮುಂದೆ ಹೆಂಡತಿಯ ಹಿಮ್ಮಡದ ಮಾತು ತೆಗೆಯಲು ನಾಚಿಕೆಯಾಯಿತು. ಮೋಜಣಿ ಸಾಹೇಬರು ಹೆಂಡತಿಗೆ ಮೆಟ್ಟು ಬೇಡಲು ಬಂದರು ಎಂದಾರು. ಸಾಲೋಟಗಿಯ ಕಡೆ ಮಳೆ ಹೇಗಿದೆ ಎಂದು ಕೇಳಿ ಬಂದುಬಿಟ್ಟೆ. ಮನೆಯಲ್ಲಿ ವೃಂದಾ ಹಿಟ್ಟು ನಾದುತ್ತಿದ್ದಳು. "ಏನಂದ್ರು?" ಎಂದಳು. "ಆಗೂದಿಲ್ಲ ಅಂದ್ರು," ಎಂದೆ. "ಹಂಗಾರ ಬಿಡ್ರಿ," ಎಂದಳು. ಇಷ್ಟೇ. ಮತ್ತೊಂದು ದಿನ ಕೇಳಿದರಾಯಿತು ಎಂದುಕೊಂಡಿದ್ದೆ. ಅವಳು ಮತ್ತೆ ಆ ಮಾತು ತೆಗೆಯಲಿಲ್ಲ. ನನಗೂ ಮರೆಯಿತು. ಮರೆತದ್ದಲ್ಲ. ಆಗಿಹೋದದ್ದು ಎಂದು ಬಿಟ್ಟೆ.

ಇಲ್ಲಿ ಸಹಿ ಮಾಡಿದ್ದೇನೆ.

೨೦ ನವೆಂಬರ್, ಬುಧವಾರ. ಇಂಡಿ

ಕಾರು ಮಾಡಿಕೊಂಡು ಬಂದೆವು, ಶ್ರಾದ್ಧ ಆಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ರಂಗೂ ಅಕ್ಕ ಒದ್ದೆ ಸೀರೆಯಲ್ಲಿ ಅಡುಗೆ ಮಾಡಿದಳು. ನಾನು ಬೂಟಿಗೆ ಧಾಬಳಿ ಸುತ್ತಿಕೊಂಡು ಕುರ್ಚಿಯ ಮೇಲೆ ಕುಳಿತದ್ದನ್ನು ಕಂಡು, "ಪಂಢರಿ, ಒಂದು ಜನಿವಾರ ತೊಗೊಂಡ್ಬಾ, ನಿನ್ನ ಬೂಟಿಗೆ ಮುಂಜಿವಿನೂ ಆಗಲಿ," ಎಂದಳು. ಆಚಾರ್ಯರು ದರ್ಭೆ ಬಿಡಿಸುತ್ತ ನಕ್ಕರು. ನಾನೂ ನಗಬೇಕೆಂದಿದ್ದೆ. ವಸುಧಾ ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಅವಳ ಕಣ್ಣು ಧಾಬಳಿಯ ಮೇಲಿತ್ತು.

"ಇದು ಶಾಸ್ತ್ರಕ್ಕ ಬರತದೇನ್ರಿ, ಆಚಾರ್ಯರ?" ಎಂದಳು.

"ಬರತದ ತಂಗಿ. ಉಣ್ಣಿ ಯಾವತ್ತೂ ಮಡೀನಽ."

"ಅಪ್ಪಗ ಬರತದ. ನಮ್ಮಾಯಿಗೆ ಯಾಕ ಬರಲಿಲ್ಲ? ಗಂಡಸರ ಕಾಲಿಗೆ ಒಂದು ಶಾಸ್ತ್ರ, ಹೆಂಗಸರ ಕಾಲಿಗೆ ಒಂದು ಶಾಸ್ತ್ರ ಅದ ಏನ್ರಿ?"

"ವಸುಧಾ!" ಎಂದು ರಂಗೂ ಅಕ್ಕ ಒಳಗಿನಿಂದ ಗದರಿದಳು.

ಆಚಾರ್ಯರು ದರ್ಭೆ ಕೆಳಗಿಟ್ಟರು. "ನಿಮ್ಮಾಯಿಗೆ ನಾ ಏನಂದೀನಿ ತಂಗಿ? ನನ್ನನ್ಯಾರೂ ಕೇಳಽ ಇಲ್ಲಲ್ಲ."

ಕೇಳಿ, ನನ್ನ ಕಡೆಗೆ ನೋಡಿದರು. ನನ್ನ ಮುಖದಲ್ಲಿ ಏನಿತ್ತೋ. ಅವರು ಮೂರು ತಲೆಮಾರಿನ ಮನೆಗಳಲ್ಲಿ ಶ್ರಾದ್ಧ ಮಾಡಿಸಿದವರು, ಕರ್ಮ ಮಾಡುವವನ ಮುಖ ಓದಬಲ್ಲರು. ದರ್ಭೆ ಮತ್ತೆ ಕೈಗೆ ತೆಗೆದುಕೊಂಡು, "ಇಲ್ಲ, ಇಲ್ಲ. ಕೇಳಿದ್ದ. ನನಗಽ ಮರವು. ಅವತ್ತು ಯಾವ ಲಹರಿಯೊಳಗಿದ್ನೋ, ಆಗೂದಿಲ್ಲ ಅಂದಿರಬೇಕು. ತಪ್ಪು ನಂದು ತಂಗಿ. ಈಗ ಹೊತ್ತಾಗತದ, ಎಳ್ಳು ಕೊಡು," ಎಂದರು.

ನಾನು ಬಾಯಿ ತೆರೆಯಬೇಕಾದ ಜಾಗ ಅದು. ಅಲ್ಲಿ ಅವಳ ಹೆಸರು ಹೇಳಿ ನೀರು ಬಿಡಬೇಕಿತ್ತು. ಹೆಸರು ಹೇಳಿದೆ. ಗೋತ್ರ ಹೇಳಿದೆ. ಬೇರೆ ಏನನ್ನೂ ಹೇಳಲಿಲ್ಲ.

ಊಟಕ್ಕೆ ವಸುಧಾಳೇ ಬಡಿಸಿದಳು. ಎಲ್ಲರಿಗೂ ಎರಡನೇ ಸಲ ವಿಚಾರಿಸಿದಳು, ಆಚಾರ್ಯರ ಎಲೆಯ ಮುಂದೆ ನಿಲ್ಲದೆ ಹೋದಳು. ಶ್ರಾದ್ಧದ ಬ್ರಾಹ್ಮಣನನ್ನು ಸಾಕಾಯಿತೇ ಎಂದು ಕೇಳದೆ ಏಳಿಸುವುದು ಎಂಥ ಅವಮಾನ ಎಂದು ಅವಳಿಗೆ ಗೊತ್ತು. ಆಚಾರ್ಯರು ಮಜ್ಜಿಗೆಯಿಲ್ಲದೆ ಎದ್ದರು. ಹೋಗುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, "ಕಾಲು ಜೋಪಾನ," ಎಂದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

೨೧ ನವೆಂಬರ್. ಮುದ್ದೇಬಿಹಾಳ

ಮೆಹನಾಜ ಬಂದಿದ್ದಳು. "ಅಜ್ಜಾರ ಇವತ್ತ ಬೈಯವಲ್ರು. ಆರಾಮ ಇಲ್ಲೇನು?" ಎಂದು ವಸುಧಾಳನ್ನು ಕೇಳಿದಳು.

೨೨ ನವೆಂಬರ್, ಶುಕ್ರವಾರ

ಹೇಳಿದೆ.

ವಸುಧಾ ಶಾಲೆಯಿಂದ ಬಂದು ಪೇಪರು ತಿದ್ದುತ್ತ ಕುಳಿತಿದ್ದಳು. ಕಟ್ಟೆ, ನಾಲ್ಕು ಜನ, ಮಳೆ, ಹಿಟ್ಟು ನಾದುವುದು ಎಲ್ಲ ಹೇಳಿದೆ. ನಡುವೆ "ಇಟ್ ವಾಸ್ ಎ ಸ್ಮಾಲ್ ಮ್ಯಾಟರ್" ಎಂದೆ. ಯಾಕೆ ಇಂಗ್ಲಿಷಿನಲ್ಲಿ ಅಂದೆನೋ. ಅವಳು ಪೆನ್ನಿನ ಟೋಪಿ ಹಾಕಿದಳು.

"ಮೊನ್ನೆ ಅವರು ತಮ್ಮ ಮ್ಯಾಲೆ ಹಾಕ್ಕೊಂಡಾಗ ನೀವು ಸುಮ್ನ ಕೂತ್ರಿ."

"ಹೌದು."

"ನಾ ಅವರಿಗೆ ಮಜ್ಜಿಗಿ ಹಾಕಲಿಲ್ಲ."

"ಹೌದು."

"ಆಯಿಗೆ ಗೊತ್ತಿತ್ತೇನು, ನೀವು ಕೇಳಿಲ್ಲಂತ?"

"ಇಲ್ಲ. ಹೆಂಗ ಗೊತ್ತಾಗತದ? ಆಕಿಗೆ ನನ್ನ ಮಾತಿನ ಮ್ಯಾಲೆ ನಂಬಿಗಿ ಇತ್ತು," ಎಂದೆ. ಇದೊಂದು ಮಾತು ಹೇಳುವಾಗ ನನಗೆ ಸ್ವಲ್ಪ ಸಮಾಧಾನವೂ ಆಯಿತು.

ಅವಳು ಪೇಪರು ಎತ್ತಿಕೊಂಡು ಬೇರೆ ಕೋಣೆಗೆ ಹೋದಳು. ಬೂಟಿನ ಪಟ್ಟಿಯನ್ನು ಅಳಿಯ ಬಂದು ಬಿಗಿದ.

೨೪ ನವೆಂಬರ್, ಭಾನುವಾರ

ವಸುಧಾ ಬೆಳಿಗ್ಗೆ ಮೊದಲ ಬಸ್ಸಿಗೆ ಇಂಡಿಗೆ ಹೋಗಿದ್ದಳು, ಆಚಾರ್ಯರ ಕ್ಷಮೆ ಕೇಳಲು. ನಾನೂ ಬರುತ್ತೇನೆ ಎಂದಿದ್ದೆ. "ನಿಮಗ ಬಸ್ಸು ಹತ್ತೂ ಹಂಗಿಲ್ಲ," ಎಂದಳು. ಮೂರೂವರೆಗೆ ತಿರುಗಿ ಬಂದಳು. ಚಪ್ಪಲಿ ಬಿಟ್ಟು ನನ್ನ ಎದುರಿಗೆ ಕುಳಿತು, ತರಗತಿಯಲ್ಲಿ ಲೆಕ್ಕ ಬಿಡಿಸುವ ದನಿಯಲ್ಲಿ ಹೇಳಿದಳು.

"ಆಚಾರ್ಯರು ಏನೂ ಅನ್ನಲಿಲ್ಲ. ಊಟ ಮಾಡಿ ಹೋಗು ಅಂದ್ರು. ಒಳಗ ಅವರ ಮನಿಯವರು, ಸುನಂದಾ ಕಾಕೂ, ಬಡಿಸ್ಲಿಕ್ಕೆ ಹತ್ತಿದ್ರು. ಅವರಿಗೆ ಎಲ್ಲಾ ಹೇಳಿದೆ."

"ಅವರೇನಂದ್ರು?"

"ಆಯಿ ಅವರ ಮನಿಗೆ ಹೋದಾಗ ಅವರ ಅತ್ತಿಯವರ ಕಾಲಾಗ ಆ ಮೆಟ್ಟು ನೋಡಿದ್ಲಂತ. ನೀವು ಆಗೂದಿಲ್ಲ ಅಂದ ಮುಂದಿನ ವಾರನಽ. ಕಾಕೂ ತಾವಾಗಿ, 'ನಿನಗೂ ಒಂದು ಜೋಡಿ ಹೊಲಸಿ ಕೊಡತೇನಿ ವೃಂದಾ, ನಮ್ಮ ಮನಿಯವರು ಛಂದ ಹೊಲೀತಾರ' ಅಂದ್ರಂತ. ಆಯಿ ಬ್ಯಾಡ ಅಂದ್ಲಂತ."

"ಯಾಕ?"

"'ಬ್ಯಾಡ್ರಿ ಕಾಕೂ. ನಮ್ಮವರು ಆಚಾರ್ಯರನ್ನ ಕೇಳೇನಿ ಅಂದಾರ. ನಾ ಅದನ್ನ ಹಾಕ್ಕೊಂಡು ಅಡ್ಡಾಡಿದ್ರ ಅವರು ಕೇಳಿಲ್ಲಂತ ಮಂದಿಗೆಲ್ಲಾ ಗೊತ್ತಾಗತದ. ನೀವೂ ಆಚಾರ್ಯರ ಮುಂದ ಈ ಮಾತು ತಗೀಬ್ಯಾಡ್ರಿ.' ಹಿಂಗ ಹೇಳಿ, ಆಣಿ ಮಾಡಸ್ಕೊಂಡು ಬಂದ್ಲಂತ."

ಇಷ್ಟು ಹೇಳಿ ವಸುಧಾ ಸೀರೆ ಬದಲಿಸಲು ಒಳಗೆ ಹೋದಳು. ಅವಳು ಹೊರಬರುವುದರೊಳಗೆ ಹೇಳಲು ಒಂದಾದರೂ ಮಾತು ಸಿದ್ಧವಿರಬೇಕೆಂದು ಈ ಪುಸ್ತಕ ತೆಗೆದು ಕುಳಿತೆ. ಬರೆಯಲು ಬಂದದ್ದು ಇಷ್ಟೇ. ಅವಳು ಹೊರಗೆ ಬಂದು ಬಹಳ ಹೊತ್ತಾಯಿತು.